ದುಸುನ್ ಅಡುಗೆಯ ಹುಳಿ: ಪೆನಾಂಪಾಂಗ್‌ನಲ್ಲಿ ಒಂದು ಗುರುವಾರ

ಬೋರ್ನಿಯೋ ದ್ವೀಪದ ಉತ್ತರ ತುದಿಯಲ್ಲಿರುವ ಮಲೇಷ್ಯಾದ ಸಬಾ ರಾಜ್ಯದಲ್ಲಿ ಅಲ್ಲಿನ ಮೂಲನಿವಾಸಿಗಳಾದ ದುಸುನರ ಊಟ ತಿಳಿಯಬೇಕಿದ್ದರೆ ಹೋಟೆಲಿಗಿಂತ ಮೊದಲು ಸಂತೆಗೆ ಹೋಗಬೇಕು. ರಾಜಧಾನಿ ಕೋಟಾ ಕಿನಬಾಲುವಿನ ಪಕ್ಕದ ಪೆನಾಂಪಾಂಗ್ ಜಿಲ್ಲೆಯಲ್ಲಿ ಡೊಂಗೊಂಗೊನ್ ಎಂಬ ಪಟ್ಟಣವಿದೆ. ಅಲ್ಲಿ ಗುರುವಾರ ಮತ್ತು ಶುಕ್ರವಾರ ಸಂತೆ. ಅದನ್ನು ಅಲ್ಲಿನವರು ತಾಮು ಎನ್ನುತ್ತಾರೆ. ಈ ಕಡೆಯವರು ತಮ್ಮನ್ನು ಕಡಜಾನ್ ಎಂದು ಕರೆದುಕೊಂಡರೆ, ಬೆಟ್ಟದ ಮೇಲಿನ ರಾನಾವ್, ತಂಬುನಾನ್ ಕಡೆಯವರು ದುಸುನ್ ಎನ್ನುತ್ತಾರೆ. ಮಾತು, ಅಡುಗೆ ಎರಡೂ ಹತ್ತಿರ ಹತ್ತಿರ.

ಬೆಳಿಗ್ಗೆ ಏಳರೊಳಗೆ ಸಂತೆ ತುಂಬಿರುತ್ತದೆ. ತಡವಾದರೆ ಸಿಗದೆ ಹೋಗುವುದು ಮೀನಲ್ಲ, ಬಂಬಾಂಗನ್. ಇದು ನಮ್ಮ ಮಾವಿನ ಕುಲದ್ದೇ ಕಾಡುಹಣ್ಣು. ಕಂದು ಬಣ್ಣದ ಒರಟು ಸಿಪ್ಪೆ, ಎರಡು ಕೈಯಲ್ಲಿ ಹಿಡಿಯುವಷ್ಟು ಗಾತ್ರ, ಒಳಗೆ ನಾರುನಾರಾದ ಹಳದಿ ತಿರುಳು. ವರ್ಷವಿಡೀ ಸಿಗುವುದಿಲ್ಲ. ಕಾಲವಲ್ಲದ ಕಾಲದಲ್ಲಿ ಒಣಗಿಸಿ ತುರಿದ ಗೊರಟನ್ನು ಪುಟ್ಟ ಪೊಟ್ಟಣ ಕಟ್ಟಿ ಮಾರುತ್ತಾರೆ. ಅಡುಗೆಗೆ ತಿರುಳಿನಷ್ಟೇ ಆ ಗೊರಟೂ ಮುಖ್ಯ. ವಾಸನೆ ನೋಡಿ ಕೊಳ್ಳಬೇಕು: ಮಾವಿನ ಸೊನೆಯಂಥ ಘಾಟು ಇದ್ದರೆ ಸರಿ, ಮುಗ್ಗಲು ವಾಸನೆ ಬಂದರೆ ಅದು ಸರಿಯಾಗಿ ಒಣಗಿಲ್ಲ.

ಸಂತೆಗೆ ಬರುವ ಪ್ರವಾಸಿಗಳ ಕ್ಯಾಮೆರಾ ಮಾತ್ರ ಬೇರೆ ಕಡೆ ಇರುತ್ತದೆ, ಬುತೊಡ್ ಇಟ್ಟ ಬುಟ್ಟಿಯ ಮೇಲೆ. ಹೆಬ್ಬೆರಳ ಗಾತ್ರದ ಕೆನೆಬಣ್ಣದ ಮರಿಹುಳುಗಳು ಸಾಗು ಪುಡಿಯಲ್ಲಿ ಹೊರಳಾಡುತ್ತಿರುತ್ತವೆ. ನಮ್ಮ ತೆಂಗು ಬೆಳೆಗಾರರಿಗೆ ಈ ಹುಳುವಿನ ಪರಿಚಯ ಬೇರೆ ರೀತಿಯದು: ಕಾಂಡ ಕೊರೆದು ಮರ ಕೊಲ್ಲುವ ಕೆಂಪು ಮೂತಿ ಹುಳುವಿನ ಕುಲವೇ ಇದು. ಸಬಾದಲ್ಲಿ ಕ್ವಾಲಾ ಪೆನ್ಯು ಕಡೆಯ ಜೌಗಿನಲ್ಲಿ ಸಾಗು ತಾಳೆ ಬೆಳೆಯುವವರು ಕಡಿದ ಕಾಂಡವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ, ತಿಂಗಳು ಒಂದೂವರೆ ತಿಂಗಳಲ್ಲಿ ಮರಿ ಕೊಬ್ಬಿರುತ್ತದೆ. ಇನ್ನೂ ಬಿಟ್ಟರೆ ನಾರಿನ ಗೂಡು ಕಟ್ಟಿ ಗಟ್ಟಿಯಾಗುತ್ತದೆ, ತಿನ್ನಲು ಬರುವುದಿಲ್ಲ. ಹಸಿಯಾಗಿ ತಿನ್ನುವವರು ಗಟ್ಟಿ ತಲೆಯನ್ನು ಬೆರಳಲ್ಲಿ ಹಿಡಿದು ಉಳಿದದ್ದನ್ನು ಕಚ್ಚುತ್ತಾರೆ. ಬಾಣಲೆಗೆ ಹಾಕುವುದಾದರೆ ಎಣ್ಣೆ ಬೇಡ: ಸಣ್ಣ ಉರಿಯಲ್ಲಿ ತನ್ನ ಕೊಬ್ಬನ್ನೇ ಬಿಟ್ಟುಕೊಂಡು ಹುರಿಯುತ್ತದೆ, ಶುಂಠಿ, ಉಪ್ಪು ಸಾಕು. ಉರಿ ಜೋರಾದರೆ ಚರ್ಮ ಒಡೆದು ಬಿಸಿ ಕೊಬ್ಬು ಮುಖಕ್ಕೆ ಸಿಡಿಯುತ್ತದೆ. ಇದಿಷ್ಟು ಸಾಕು ಬುತೊಡ್ ಬಗ್ಗೆ. ಟಿವಿಯ ಸಾಹಸದ ಕಾರ್ಯಕ್ರಮಗಳು ಇದನ್ನೇ ದುಸುನ್ ಊಟದ ಗುರುತು ಮಾಡಿಬಿಟ್ಟಿವೆ. ಆ ಊಟದ ನಿಜವಾದ ಕೌಶಲ ಇರುವುದು ಹುಳಿಯಲ್ಲಿ, ಅದೂ ಭರಣಿಯೊಳಗಿನ ಹುಳಿಯಲ್ಲಿ.

ಆ ಗುರುವಾರ ಸಂತೆಯಿಂದ ಬುಟ್ಟಿ ಹೋದದ್ದು ಪೆನಾಂಪಾಂಗಿನ ಒಂದು ಮನೆಯ ಹಿಂಬದಿ ಅಡುಗೆಮನೆಗೆ. ಕೆಲಸ ನಡೆದದ್ದು ಬಡಿಸುವ ಕ್ರಮದಲ್ಲಲ್ಲ, ಕಾಯಬೇಕಾದ ಕ್ರಮದಲ್ಲಿ. ಎರಡು ವಾರ ಕಾಯುವುದು ಮೊದಲು, ಹತ್ತು ನಿಮಿಷ ಕಾಯುವುದು ಕೊನೆಗೆ.

ಮೊದಲು ಬೊಸೊವ್, ಅಂದರೆ ಭರಣಿಯಲ್ಲಿ ಹುಳಿ ಬರಿಸಿದ ಮೀನು. ಕೆಲವು ಕಡೆ ಇದನ್ನೇ ನೂನ್ಸೊಮ್ ಎನ್ನುತ್ತಾರೆ. ಹೊಳೆಮೀನು, ಅನ್ನ, ಉಪ್ಪು, ಪಾಂಗಿ ಎಂಬ ಕಾಡುಕಾಯಿಯ ಬೀಜ, ಇಷ್ಟೇ ಸಾಮಾನು. ಆ ಮನೆಯ ಅಳತೆ ಹೀಗಿತ್ತು: ಹೊಟ್ಟೆ, ಕಿವಿರು ತೆಗೆದು ತುಂಡು ಮಾಡಿದ ಮೀನು 1 ಕೆಜಿ, ಕಲ್ಲುಪ್ಪು 120 ಗ್ರಾಂ, ಪೂರ್ತಿ ಆರಿದ ಅನ್ನ 300 ಗ್ರಾಂ, ಒಣ ಪಾಂಗಿ ಪುಡಿ ಎರಡು ಹಿಡಿ. ಮೀನನ್ನು ತೊಳೆದ ಮೇಲೆ ನೀರು ಬಸಿಯಲು ಜರಡಿಯಲ್ಲಿ ಅರ್ಧ ಗಂಟೆ ಇಟ್ಟರು. ಈ ಅರ್ಧ ಗಂಟೆಯನ್ನು ಉಳಿಸಲು ಹೋದರೆ ನೀರು ಸೇರಿ ಉಪ್ಪು ತೆಳುವಾಗುತ್ತದೆ, ಭರಣಿ ಹುಳಿಯುವ ಬದಲು ಕೊಳೆಯುತ್ತದೆ. ಆಮೇಲೆ ಮೀನಿಗೆ ಉಪ್ಪು ಉಜ್ಜಿ, ಅನ್ನ ಮತ್ತು ಪಾಂಗಿ ಕಲಸಿ, ಬಾಯಿ ಅಗಲವಾದ ಗಾಜಿನ ಭರಣಿಗೆ ಅದುಮಿ ಅದುಮಿ ತುಂಬಿದರು. ನಡುವೆ ಗಾಳಿಯ ಗುಳ್ಳೆ ಉಳಿಯಬಾರದು. ಮೇಲೆ ನಾಲ್ಕು ಬೆರಳಷ್ಟು ಜಾಗ ಬಿಡಬೇಕು, ಯಾಕೆಂದರೆ ಮೂರನೇ ದಿನಕ್ಕೆ ಅದು ಉಬ್ಬಿ ರಸ ಬಿಡುತ್ತದೆ.

ಅನ್ನ ಇಲ್ಲಿ ಹೊಟ್ಟೆ ತುಂಬಿಸಲು ಇರುವುದಲ್ಲ. ಹುಳಿ ಹುಟ್ಟಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗೆ ಅದೇ ಆಹಾರ. ಮೀನಿನಲ್ಲಿ ಸಕ್ಕರೆ, ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಅನ್ನ ತೀರಾ ಕಡಿಮೆಯಾದರೆ ಹುಳಿ ನಿಧಾನವಾಗುತ್ತದೆ, ಅಷ್ಟರಲ್ಲಿ ಕೊಳೆಸುವ ಜೀವಿಗಳು ಮೇಲುಗೈ ಪಡೆಯುತ್ತವೆ. ಅನ್ನ ಬಿಸಿಯಿದ್ದರೆ ಮೀನು ಅರೆಬೆಂದು ಹಿಟ್ಟುಹಿಟ್ಟಾಗುತ್ತದೆ. ಮೊದಮೊದಲು ತಡೆ ಹಾಕುವುದು ಉಪ್ಪು ಮತ್ತು ಪಾಂಗಿ, ಆಮೇಲೆ ಕಾಯುವುದು ಹುಳಿ.

ಪಾಂಗಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ದೊಡ್ಡ ಕಾಡುಮರದ ಕಾಯಿ. ಹಸಿ ಬೀಜದಲ್ಲಿ ಸಯನೈಡ್ ಬಿಡುವ ಅಂಶವಿದೆ, ಹಾಗೆಯೇ ತಿಂದರೆ ಜೀವಕ್ಕೇ ಅಪಾಯ. ಅಂಥದ್ದನ್ನು ಮಸಾಲೆಯಂತೆ ಬಳಸಲು ಆಗುವುದು ಹೈಡ್ರೋಜನ್ ಸಯನೈಡಿನ ಎರಡು ಗುಣಗಳಿಂದ: ಅದು ನೀರಿನಲ್ಲಿ ಕರಗುತ್ತದೆ, 26 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಆವಿಯಾಗುತ್ತದೆ. ಹಾಗಾಗಿ ಬೀಜ ಬೇಯಿಸುವುದು, ಜಜ್ಜುವುದು, ನೀರು ಬದಲಿಸುತ್ತಾ ನೆನೆಸುವುದು, ಒಣಗಿಸುವುದು. ಜಜ್ಜದೆ ಇಡಿಯಾಗಿ ಬೇಯಿಸಿದರೆ ನಡುವಿನ ವಿಷ ಹೊರಬರುವುದಿಲ್ಲ. ಸಂತೆಯಲ್ಲಿ ಕೊಳ್ಳುವವರು ಗುರುತಿನ ಹೆಂಗಸಿನ ಹತ್ತಿರವೇ ಕೊಳ್ಳುತ್ತಾರೆ. ಇದು ಹೊರಗಿನವರು ಕಾಡಿನಿಂದ ತಂದು ಮನೆಯಲ್ಲಿ ಪ್ರಯೋಗ ಮಾಡುವ ವಸ್ತುವಲ್ಲ.

ಬೊಸೊವ್ ಹದಕ್ಕೆ ಬರಲು ಒಂದರಿಂದ ಎರಡು ವಾರ. ಮೀನಿನ ಮುಳ್ಳು ಮೆತ್ತಗಾಗಿರಬೇಕು, ವಾಸನೆ ತೀಕ್ಷ್ಣ ಹುಳಿಯದಾಗಿರಬೇಕು. ಕೊಳೆತ ಮೊಟ್ಟೆಯ ವಾಸನೆ, ಮೇಲೆ ಬಣ್ಣದ ಬೂಷ್ಟು, ಲೋಳೆ ಕಂಡರೆ ಇಡೀ ಭರಣಿ ಚೆಲ್ಲಬೇಕು. ಮೇಲಿನ ಪದರ ತೆಗೆದು ಉಳಿದದ್ದನ್ನು ಬಳಸುವ ಜಾಣತನ ಇಲ್ಲಿ ನಡೆಯುವುದಿಲ್ಲ. ಹಸಿಯಾಗಿ ತಿನ್ನುವವರೂ ಇದ್ದಾರೆ. ಆದರೆ ಸಣ್ಣ ಈರುಳ್ಳಿ, ಹಸಿಮೆಣಸು ಹಾಕಿ ಎಣ್ಣೆಯಲ್ಲಿ ಚೆನ್ನಾಗಿ ಹುರಿದದ್ದೇ ರುಚಿಗೂ ಕ್ಷೇಮಕ್ಕೂ ಮೇಲು. ಆ ಮಧ್ಯಾಹ್ನ ಬಡಿಸಿದ್ದು ಮೊದಲೇ ತುಂಬಿಟ್ಟಿದ್ದ ಹಳೆಯ ಭರಣಿಯದು. ಒಂದು ಚಮಚಕ್ಕೆ ಒಂದು ತಟ್ಟೆ ಅನ್ನ ಇಳಿಯುತ್ತದೆ.

ಬಂಬಾಂಗನ್ ಉಪ್ಪಿನಕಾಯಿಯಲ್ಲಿ ಇಷ್ಟು ಅಪಾಯವಿಲ್ಲ. ದಪ್ಪ ಸಿಪ್ಪೆಯನ್ನು ತೊಟ್ಟಿನ ಕಡೆಯಿಂದ ಸೀಳಿ ಉದ್ದಕ್ಕೆ ಎಳೆದರೆ ಪಟ್ಟಿಪಟ್ಟಿಯಾಗಿ ಬರುತ್ತದೆ. ತಿರುಳನ್ನು ಗೊರಟಿನಿಂದ ಹೋಳು ಹೋಳಾಗಿ ಕೆತ್ತಿ, ಗೊರಟಿನ ಒಳಗಿನ ಬೀಜವನ್ನು ತುರಿದು, 1 ಕೆಜಿ ಹೋಳಿಗೆ 80 ಗ್ರಾಂ ಉಪ್ಪಿನಂತೆ ಕಲಸಿ ಒತ್ತಿ ತುಂಬುತ್ತಾರೆ. ವಾರದಲ್ಲಿ ಹದ. ನಮ್ಮ ಅಪ್ಪೆಮಿಡಿಯಂತೆ ಇದಕ್ಕೆ ಸಾಸಿವೆ, ಮೆಣಸಿನ ಖಾರ ಅರೆಯುವುದಿಲ್ಲ. ಘಮವೆಲ್ಲ ಆ ಬೀಜದ ತುರಿಯದ್ದೇ. ಒಣ ಚಮಚವನ್ನೇ ಹಾಕಬೇಕು ಎನ್ನುವ ಕಟ್ಟುನಿಟ್ಟು ಮಾತ್ರ ಎರಡೂ ಊರಿಗೂ ಒಂದೇ.

ಹತ್ತು ಗಂಟೆಯ ಹೊತ್ತಿಗೆ ಒಲೆ ಹೊತ್ತಿತು, ಪಿನಾಸಾಕನ್‌ಗೆ. ಬಸುಂಗ್ ಎಂಬ ಸಣ್ಣ ಸಮುದ್ರ ಮೀನು ಅರ್ಧ ಕೆಜಿ, ಹಸಿ ಅರಿಶಿನ ಎರಡು ಬೆರಳುದ್ದ, ಶುಂಠಿ, ಉಪ್ಪು, ಒಂದು ಹಿಡಿ ತಾಕೊಬ್ ಆಕೊಬ್. ಈ ಕೊನೆಯದು ಒಣಗಿಸಿದ ಹುಳಿ ಹಣ್ಣಿನ ಹೋಳು, ನಮ್ಮ ಉಪ್ಪಾಗೆ ಮತ್ತು ಮುರುಗಲಿನ ಕುಲದ್ದು. ಪಾತ್ರೆಯ ತಳಕ್ಕೆ ಅರ್ಧ ಹುಳಿ ಹೋಳು ಹಾಸಿ, ಮೀನು ಜೋಡಿಸಿ, ಮೇಲೆ ಉಳಿದರ್ಧ ಹಾಕಿ, ಮೀನು ಮುಳುಗುವಷ್ಟು ಮಾತ್ರ ನೀರು. ಒಮ್ಮೆ ಕುದಿ ಬಂದ ಮೇಲೆ ಉರಿ ಸಣ್ಣದು ಮಾಡಿ, ಸೌಟು ಹಾಕದೆ, ರಸ ಬತ್ತಿ ತಳದಲ್ಲಿ ಎರಡು ಬೆರಳು ಉಳಿಯುವತನಕ ಬಿಡಬೇಕು, ಸುಮಾರು ಮುಕ್ಕಾಲು ಗಂಟೆ. ಸೌಟಾಡಿಸಿದರೆ ಮೀನು ಪುಡಿಯಾಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ಕಚ್ಚಿ ರಸಕ್ಕೆ ಲೋಹದ ರುಚಿ ಬರುತ್ತದೆ.

ಪಕ್ಕದಲ್ಲಿ ತುಹಾವ್ ಹೆಚ್ಚುತ್ತಿದ್ದರು. ಏಲಕ್ಕಿಯ ಕುಟುಂಬದ ಕಾಡು ಗಿಡ ಇದು. ಕಾಂಡದ ಹೊರಪದರಗಳನ್ನೆಲ್ಲ ಸುಲಿದು ಒಳಗಿನ ಎಳೆಯ ದಿಂಡನ್ನು ಮಾತ್ರ ಬಳಸುತ್ತಾರೆ, ಅದನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಬೇಕು. ದಪ್ಪ ಹೆಚ್ಚಿದರೆ ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಉಪ್ಪು, ಸೂಜಿಮೆಣಸು, ವಿನಿಗರ್ ಅಥವಾ ನಿಂಬೆ ಸೇರಿಸಿ ಇಟ್ಟರೆ ಮರುದಿನಕ್ಕೆ ಚೆನ್ನ. ಇದರ ವಾಸನೆ ತಿಗಣೆಯದು ಎಂದು ಮೂಗು ಮುಚ್ಚುವವರು ಸಬಾದಲ್ಲೇ ಇದ್ದಾರೆ. ಅಂಥವರಿಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಹುರಿದು ಪುಡಿ ಮಾಡಿದ ತುಹಾವ್ ಕೊಟ್ಟರೆ ತಕರಾರು ಮಾಡುವುದಿಲ್ಲ.

ಕೊನೆಗೆ ಹಿನಾವಾ. ಇದನ್ನು ಬೇಯಿಸುವುದಿಲ್ಲ, ಹುಳಿಯೇ ಬೇಯಿಸಿದಂತೆ ಮಾಡುತ್ತದೆ. ಅಂಜಲ್ ಮೀನು ಅರ್ಧ ಕೆಜಿ, ಚರ್ಮ ಮುಳ್ಳು ತೆಗೆದು ಅರ್ಧ ಸೆಂಟಿಮೀಟರ್ ದಪ್ಪದ ಹೋಳು. ನಿಂಬೆರಸ ಮುಕ್ಕಾಲು ಲೋಟ. ಹೋಳಿಗೆ ಮೂರರಲ್ಲಿ ಎರಡು ಪಾಲು ರಸ ಹಿಂಡಿ ಕಲಸಿದರೆ ಹತ್ತು ಹದಿನೈದು ನಿಮಿಷದಲ್ಲಿ ಗಾಜಿನಂತಿದ್ದ ಮಾಂಸ ಬೆಳ್ಳಗಾಗುತ್ತದೆ. ಆಗ ಅದನ್ನು ಹಿಂಡಿ ಆ ರಸ ಚೆಲ್ಲಬೇಕು, ಮೀನಿನ ನೀಚು ವಾಸನೆಯೆಲ್ಲ ಅದರಲ್ಲಿ ಹೋಗುತ್ತದೆ. ನಂತರ ಉಳಿದ ರಸ, ತೆಳ್ಳಗೆ ಹೆಚ್ಚಿದ ಸಣ್ಣ ಈರುಳ್ಳಿ ಹತ್ತು, ಸೂಜಿಮೆಣಸು ಐದಾರು, ಎಳೆ ಶುಂಠಿ, ಒಂದು ಚಮಚ ಉಪ್ಪು, ಬಂಬಾಂಗನ್ ಬೀಜದ ತುರಿ ಎರಡು ದೊಡ್ಡ ಚಮಚ. ಹಾಗಲಕಾಯಿ ಹಾಕುವುದಾದರೆ ಕಾಗದದಷ್ಟು ತೆಳ್ಳಗೆ ಹೆಚ್ಚಿ ಉಪ್ಪಿನಲ್ಲಿ ಹಿಂಡಿರಬೇಕು. ಬೀಜದ ತುರಿ ಇಲ್ಲದೆ ಮಾಡಿದರೆ ಅದು ನಿಂಬೆ ಹಿಂಡಿದ ಮೀನು, ಹಿನಾವಾ ಅಲ್ಲ. ರಸದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಮಾಂಸ ಬಿಗಿದು ಸುಣ್ಣದ ಹೆಂಟೆಯಂತಾಗುತ್ತದೆ.

ನಿಂಬೆರಸ ಮಾಂಸದ ಬಣ್ಣ ಬದಲಿಸುತ್ತದೆ, ಸಮುದ್ರ ಮೀನಿನಲ್ಲಿರುವ ಪರಾವಲಂಬಿ ಹುಳುಗಳನ್ನು ಖಾತ್ರಿಯಾಗಿ ಕೊಲ್ಲುವುದಿಲ್ಲ. ಹಾಗಾಗಿ ಈಗ ಮೀನನ್ನು ಮೊದಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಹೆಪ್ಪುಗಟ್ಟಿಸಿ ಬಳಸುವುದು ಒಳ್ಳೆಯದು. ಹೊಳೆಮೀನಿನಿಂದ ಹಿನಾವಾ ಮಾಡಲೇಬಾರದು. ಅವುಗಳ ಪರಾವಲಂಬಿಗಳು ಮನುಷ್ಯನ ದೇಹದಲ್ಲಿ ಇನ್ನೂ ಸಲೀಸಾಗಿ ನೆಲೆಸುತ್ತವೆ.

ಊಟಕ್ಕೆ ಬಂದದ್ದು ಲಿನೊಪೊಟ್, ಅಂದರೆ ಎಲೆಯಲ್ಲಿ ಬಿಗಿದು ಕಟ್ಟಿದ ಅನ್ನ. ಗದ್ದೆಗೆ ಒಯ್ಯುವ ಬುತ್ತಿಯಾಗಿ ಹುಟ್ಟಿದ್ದು ಇದು. ಬೆಟ್ಟದ ಅಕ್ಕಿಯ ಅನ್ನಕ್ಕೆ ಬೆಂದ ಕೆಸುವಿನ ಗೆಡ್ಡೆಯನ್ನೋ ಗೆಣಸನ್ನೋ ಹಿಸುಕಿ ಸೇರಿಸುತ್ತಾರೆ, ಅಕ್ಕಿಯೂ ಉಳಿಯುತ್ತದೆ, ಮುದ್ದೆಯೂ ಕಟ್ಟುತ್ತದೆ. ತಾರಾಪ್ ಎಂಬ ಹಲಸಿನ ಜಾತಿಯ ಮರದ ಎಲೆಯನ್ನು ಕೆಂಡದ ಮೇಲೆ ಬಾಡಿಸಿಯೇ ಮಡಚಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಸೀಳುತ್ತದೆ.

ಜೊತೆಗೆ ಲಿಹಿಂಗ್ ಹಾಕಿದ ಕೋಳಿ ಸಾರು. ಲಿಹಿಂಗ್ ಅಂಟಕ್ಕಿಯ ಹೆಂಡ. ಅನ್ನವನ್ನು ಉದುರಾಗಿ ಮಾಡಿ, ಪೂರ್ತಿ ಆರಿದ ಮೇಲೆ ಸಾಸಾಡ್ ಎಂಬ ಹೆಪ್ಪಿನ ಬಿಲ್ಲೆ ಪುಡಿ ಮಾಡಿ ಉದುರಿಸಿ, ಜಾಡಿಯಲ್ಲಿ ಎರಡು ಮೂರು ವಾರ ಇಡುತ್ತಾರೆ. ಅನ್ನ ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ. ಗಾಳಿ ಹೆಚ್ಚು ಆಡಿದರೆ ಹೆಂಡದ ಬದಲು ವಿನಿಗರ್ ಸಿಗುತ್ತದೆ. ಶುಂಠಿ ಜಾಸ್ತಿ ಹಾಕಿದ ಈ ಸಾರನ್ನು ಬಾಣಂತಿಯರಿಗೆ ಕೊಡುವ ರೂಢಿ. ಮೇ 30 ಮತ್ತು 31ರಂದು ನಡೆಯುವ ಸುಗ್ಗಿ ಹಬ್ಬ ಕಾಮಾತಾನ್‌ಗಂತೂ ಲಿಹಿಂಗ್ ಜಾಡಿ ಬೇಕೇ ಬೇಕು. ಕಿನೊಯಿಂಗನ್ ದೇವರು ಬರಗಾಲದಲ್ಲಿ ಜನರನ್ನು ಉಳಿಸಲು ಮಗಳು ಹುಮಿನೊಡುನಳನ್ನು ಬಲಿಕೊಟ್ಟ, ಅವಳ ದೇಹದಿಂದಲೇ ಭತ್ತ ಹುಟ್ಟಿತು ಎಂಬ ಕಥೆಯ ಹಬ್ಬ ಅದು. ಅಕ್ಕಿಯನ್ನು ಅಷ್ಟು ದೊಡ್ಡದಾಗಿ ಕಾಣುವ ಜನ ಅನ್ನ ಚೆಲ್ಲದೆ ಭರಣಿಗೆ ಹಾಕುವುದರಲ್ಲಿ ಆಶ್ಚರ್ಯವಿಲ್ಲ.

ಮಿಕ್ಕ ಪಿನಾಸಾಕನ್ ಮರುದಿನಕ್ಕೆ ಇನ್ನೂ ರುಚಿ, ಹುಳಿ ಮುಳ್ಳಿನವರೆಗೂ ಇಳಿದಿರುತ್ತದೆ. ಹಿನಾವಾವನ್ನು ಮಾತ್ರ ರಾತ್ರಿಗೆ ಇಡುವುದಿಲ್ಲ. ಉಳಿದದ್ದನ್ನು ಸಂಜೆಯೇ ಬಾಣಲೆಗೆ ಹಾಕಿ, ರಸ ಆರುವವರೆಗೆ ಹುರಿದು ಮುಗಿಸಿದರು.