ಲೆಕ್ಕದ ಮಾಷ್ಟ್ರು

ನಮ್ಮ ಲೆಕ್ಕದ ಮಾಷ್ಟ್ರಿಗೆ ಈ ಕಾಸರಗೋಡಿನ ಕಡೆಯ ಎಲ್ಲ ಭಾಷೆಯೂ ಬರುತ್ತಿತ್ತು. ಬೋರ್ಡಿನ ಮೇಲೆ ಪಾಠ ಕನ್ನಡದಲ್ಲೇ. ಆದರೆ ಲೆಕ್ಕ ತಲೆಗೆ ಹೋಗದವನ ಪಕ್ಕ ಬಂದು ಬೆಂಚಿನಲ್ಲಿ ಕೂತರೆಂದರೆ ಅವನ ಮನೆಮಾತು ಶುರು. ತುಳುವಿನವನಿಗೆ ತುಳು, ಬ್ಯಾರಿ ಹುಡುಗನಿಗೆ ಬ್ಯಾರಿ, ಮರಾಟಿ ಹುಡುಗಿಗೆ ಮರಾಟಿ, ನನ್ನಂಥವನಿಗೆ ಹವ್ಯಕರ ಮನೆಮಾತಾದ ಹವಿಗನ್ನಡ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ಅಂಗಳ ತುಂಬ ಹಳೆಯ ವಿದ್ಯಾರ್ಥಿಗಳು. ಶಾಲೆಯ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಟೀಚರ್ ಫೋನ್ ಮಾಡಿದಾಗ ನನಗೆ ಬೇರೆ ವಿಷಯ ಹೊಳೆಯಲೇ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು 1992ರಲ್ಲಿ. ಆಗ 600ಕ್ಕೆ 210 ಬಂದರೆ ಪಾಸು. ಈಗಿನ ಹಾಗೆ ಎ ಪ್ಲಸ್ ಗ್ರೇಡು ಇರಲಿಲ್ಲ. ಬದಿಯಡ್ಕ, ಪೆರ್ಲದ ಕಡೆಯ ಗುಡ್ಡಗಳಿಂದ ಮಕ್ಕಳು ನಡೆದೇ ಬರುತ್ತಿದ್ದರು. ಅಪ್ಪ ಅಡಿಕೆ ತೋಟದ ಕೆಲಸಕ್ಕೆ, ಅಮ್ಮ ಬೀಡಿ ಕಟ್ಟಲಿಕ್ಕೆ, ಹೆಚ್ಚಿನ ಮನೆಗಳ ಕತೆ ಇಷ್ಟೇ. ಏಳನೆಯವರೆಗೆ ಶಾಲೆಯಲ್ಲಿ ಮಧ್ಯಾಹ್ನ ಗಂಜಿ, ಹೆಸರುಕಾಳು ಸಿಗುತ್ತಿತ್ತು. ಹೈಸ್ಕೂಲಿನವರಿಗೆ ಇರಲಿಲ್ಲ. ಗಂಜಿ ಬೇಯಿಸುವ ಅಕ್ಕ ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿಸಿ ಕೆಲವರನ್ನು ಸುಮ್ನೆ ಕೈಸನ್ನೆ ಮಾಡಿ ಕರೆಯುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ಕ್ಲಾಸಿನ ಜಾಣೆ ಹುಡುಗಿಯೊಬ್ಬಳು ಬರುವುದು ನಿಲ್ಲಿಸಿದಳು. ಮೂರನೇ ದಿನ ಸಂಜೆ ಮಾಷ್ಟ್ರು ಅವಳ ಮನೆಗೆ ಹೊರಟರು. ದಾರಿ ತೋರಿಸಲು ನನ್ನನ್ನು ಕರೆದುಕೊಂಡು ಹೋದರು. ಜಗಲಿಯಲ್ಲಿ ತಾಯಿ, ಮಗಳು ತಡ್ಪೆ (ಮೊರ) ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ಮಾಷ್ಟ್ರು ಉಪದೇಶ ಮಾಡಲಿಲ್ಲ. ಅಲ್ಲೇ ಕೂತು ಕತ್ತರಿ ತೆಗೆದುಕೊಂಡರು. ನೆನೆಸಿದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು, ಒಂದೊಂದೇ ಎಲೆ ಕತ್ತರಿಸತೊಡಗಿದರು. ಅಷ್ಟು ಚೆನ್ನಾಗಿ ಅವರಿಗೆ ಹೇಗೆ ಬರುತ್ತಿತ್ತೋ! ಕತ್ತರಿಸುತ್ತಲೇ ತಾಯಿಯೊಡನೆ ತುಳುವಿನಲ್ಲಿ ಮಾತು. ವಾರಕ್ಕೆ ಎಷ್ಟು ಬೀಡಿ, ಎಷ್ಟು ಕಾಸು, ಮಗಳು ಸಂಜೆ ಮಾತ್ರ ಕಟ್ಟಿದರೆ ಎಷ್ಟು ಕಮ್ಮಿ, ಎಲ್ಲ ಲೆಕ್ಕ ಹಾಕಿದರು. ಕತ್ತಲಾಗುವ ಹೊತ್ತಿಗೆ ತಾಯಿ ಒಪ್ಪಿದ್ದರು. ಆ ಹುಡುಗಿ ಮುಂದೆ ಓದಿ ಸರಕಾರಿ ಕೆಲಸ ಹಿಡಿದಳು. ಆಗ ಅವಳು ಕ್ಲಾಸಿನಿಂದ ಹೋಗಿಬಿಟ್ಟಿದ್ದರೆ ಯಾವ ವರದಿಯಲ್ಲೂ ಬರುತ್ತಿರಲಿಲ್ಲ, ಅಲ್ವಾ?

ಹತ್ತನೆಯವರಿಗೆ ರಾತ್ರಿ ಕ್ಲಾಸು. ಕರೆಂಟು ನಂಬುವ ಹಾಗಿರಲಿಲ್ಲ, ಗ್ಯಾಸ್‌ಲೈಟೇ ಗತಿ. ಒಂದು ದಿನ ಮಾಷ್ಟ್ರು ಊಟಕ್ಕೆ ಹೋದ ಹೊತ್ತಿಗೆ ಕೆಳಗಿನ ಗದ್ದೆಯಿಂದ ಚೆಂಡೆಯ ಶಬ್ದ ಕೇಳಿತು. ಬಯಲಾಟ! ನಾವು ಹುಡುಗರೆಲ್ಲ ಎದ್ದೆವು. ಹೋಗುವಾಗ ಶಾಲೆಯ ಗ್ಯಾಸ್‌ಲೈಟನ್ನೂ ಎತ್ತಿಕೊಂಡೆವು, ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ಬೆಳಕು ಬೇಕಲ್ವಾ. ನಡುರಾತ್ರಿಯ ಹೊತ್ತಿಗೆ ತೆಂಗಿನ ಒಣಗರಿಯ ಸೂಟೆ ಬೀಸುತ್ತಾ ಮಾಷ್ಟ್ರು ಬಂದರು. ಬೈಯುತ್ತಾರೆ ಎಂದು ನಾವು ಏಳಲು ನೋಡಿದರೆ ಸೂಟೆ ನಂದಿಸಿ ನಮ್ಮ ಹಿಂದೆಯೇ ಕೂತರು. 'ಮಂಗಳ ಹಾಡುವವರೆಗೆ ಒಬ್ಬರೂ ಏಳಬಾರದು' ಅಂದರು. ಬೆಳಗಾದ ಮೇಲೆ ಮನೆಗೆ ಬಿಡಲಿಲ್ಲ. ತೋಡಿನಲ್ಲಿ ಮುಖ ತೊಳೆಸಿ ಸೀದಾ ಕ್ಲಾಸಿಗೆ. ಬೋರ್ಡಿನಲ್ಲಿ ಒಂದು ಚೆಂಡೆ ಬರೆದು, ವ್ಯಾಸ, ಎತ್ತರ ಹಾಕಿ, 'ಘನಫಲ ಹೇಳಿದವನು ಮನೆಗೆ ಹೋಗಬಹುದು' ಅಂದರು. ಮೊದಲು ಹೇಳಿದವನು ನಾನು. ಹತ್ತನೆಯ ಗಣಿತದಲ್ಲಿ ಇನ್ನೇನಿತ್ತು ಎಂದು ಕೇಳಿದರೆ ಈಗ ಹೇಳಲಾರೆ. ಆ ಚೆಂಡೆ ಮಾತ್ರ ಹಾಗೇ ಇದೆ.

ಕನ್ನಡ ಮಾಷ್ಟ್ರ ಬಗ್ಗೆಯೂ ಒಂದು ಮಾತು ಹೇಳಬೇಕು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಕತೆ, ರಾಜ್ಯಗಳ ಗಡಿಯ ಬಗ್ಗೆ 1967ರಲ್ಲಿ ಬಂದ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಬೇಕು ಅಂದದ್ದು, ಅದು ಹಾಗೇ ಉಳಿದದ್ದು, ಎಲ್ಲ ನಮಗೆ ಅವರಿಂದಲೇ ಗೊತ್ತಾದದ್ದು. ಕಯ್ಯಾರ ಕಿಞ್ಞಣ್ಣ ರೈಗಳು ಕವಿ, ಹೋರಾಟಗಾರ, ಜೊತೆಗೆ ಪೆರಡಾಲದ ಹೈಸ್ಕೂಲಿನ ಮಾಷ್ಟ್ರು. 'ಭಾಷೆ ಉಳಿಯುವುದಿದ್ದರೆ ಶಾಲೆಯಲ್ಲೇ' ಎಂದು ಕನ್ನಡ ಮಾಷ್ಟ್ರು ರೈಗಳ ಉದಾಹರಣೆ ಕೊಟ್ಟು ಹೇಳುತ್ತಿದ್ದರು.

ಈಗ ನಮ್ಮ ಶಾಲೆಗೆ ಹೋದರೆ ಕಟ್ಟಡ ನೋಡಿ ಖುಷಿಯಾಗುತ್ತದೆ. ಪ್ರೊಜೆಕ್ಟರು, ಲ್ಯಾಪ್‌ಟಾಪು, ಟೈಲ್ಸು ಹಾಕಿದ ನೆಲ. ಸರಕಾರ ಮಾಡಿದ್ದನ್ನು ಇಲ್ಲವೆನ್ನಬಾರದು. ಆದರೆ ಜಿಲ್ಲೆಯ ಕನ್ನಡ ಮೀಡಿಯಂ ಕ್ಲಾಸುಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದ್ದು, ಮಕ್ಕಳೇ ಪ್ರತಿಭಟನೆಗೆ ಕೂತದ್ದು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಆ ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿಗೆ ಅರ್ಥವಾಗದ ಮಾತಿನಲ್ಲಿ ಲೆಕ್ಕ ಹೇಳಿದರೆ ಎಷ್ಟು ದೊಡ್ಡ ಪರದೆ ಇದ್ದರೂ ಏನು ಬಂತು?

ಇನ್ನೊಂದು ಕಡೆ, ಬೆಳಿಗ್ಗೆ ನಮ್ಮದೇ ಓಣಿಗಳಿಂದ ಇಂಗ್ಲಿಷ್ ಮೀಡಿಯಂ ವ್ಯಾನುಗಳು ಮಕ್ಕಳನ್ನು ತುಂಬಿಸಿಕೊಂಡು ಹೋಗುತ್ತವೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಆರನೇ ದಿನ ತಲೆ ಎಣಿಸುತ್ತಾರೆ. ಕಮ್ಮಿಯಾದರೆ ಕ್ಲಾಸಿನ ಒಂದು ಡಿವಿಷನ್ (ವಿಭಾಗ) ಹೋಯಿತು, ಡಿವಿಷನ್ ಹೋದರೆ ಮಾಷ್ಟ್ರ ಪೋಸ್ಟ್ ಹೋಯಿತು. ಪೋಸ್ಟ್ ಹೋದ ಶಾಲೆಗೆ ಮರುವರ್ಷ ಮಕ್ಕಳು ಇನ್ನೂ ಕಮ್ಮಿ. ಹಳೆಯ ವಿದ್ಯಾರ್ಥಿಗಳು ಸ್ಟೇಜು ಕಟ್ಟಿಸಿ ಹೆಸರು ಬರೆಸುವುದಕ್ಕಿಂತ ಇದನ್ನು ನೋಡಬೇಕು.

ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಪ್ರೀಡಿಗ್ರಿ, ಡಿಗ್ರಿ ಮುಗಿಸಿ ಬ್ಯಾಂಕ್ ಸೇರಿ ಇಂದು ಒಂದು ಬ್ರಾಂಚ್ ನಡೆಸುತ್ತಿದ್ದೇನೆ. ಕನ್ನಡ ಮೀಡಿಯಂನಿಂದ ಬಂದವನು ಎಂದು ಮೀಟಿಂಗಿನಲ್ಲಿ ತಲೆಯೆತ್ತಿ ಹೇಳುತ್ತೇನೆ. ಗುಡ್ಡದ ಆಚೆಯ ಮಕ್ಕಳಿಗೆ ಜೀಪಿನ ಬಾಡಿಗೆ ಕೊಡಲು ನಮ್ಮ ಬ್ಯಾಚಿನವರು ಒಪ್ಪಿದ್ದೇವೆ. ಹತ್ತನೆಯವರಿಗೆ ಶನಿವಾರ ಲೆಕ್ಕ ಹೇಳಿಕೊಡಲು ಇಬ್ಬರು ಸಿಕ್ಕಿದ್ದಾರೆ. ಇನ್ನೂ ಇಬ್ಬರು ಬೇಕು, ತುಳು ಬಂದರೆ ಒಳ್ಳೆಯದು. ಮೇ ತಿಂಗಳಲ್ಲಿ ಟೀಚರ್‌ಗಳು ಮಕ್ಕಳನ್ನು ಸೇರಿಸಲು ಮನೆಮನೆಗೆ ಹೊರಡುವಾಗ ನನಗೂ ಒಂದು ಫೋನ್ ಮಾಡಲಿ. ರಜೆ ಹಾಕಿ ಬರುತ್ತೇನೆ.