ಹಳೆ ಕಟ್ಟಡವನ್ನೂ ಹೊಸ ಟವರನ್ನೂ ಒಂದೇ ಫ್ರೇಮಿಗೆ ತರುವಾಗ

ಕಲ್ಲುಕಟ್ಟಡದ ಎದುರು ನಿಂತು ಅಗಲ ನೋಟದ 16 ಎಂಎಂ ವೈಡ್ ಲೆನ್ಸ್ ಹಾಕಿ ಕ್ಯಾಮೆರಾ ಮೇಲಕ್ಕೆತ್ತಿದರೆ ಹಿಂದಿನ ಗಾಜಿನ ಟವರೂ ಚಿತ್ರದೊಳಗೆ ಬರುತ್ತದೆ, ನಿಜ. ಆದರೆ ಹಳೆ ಕಟ್ಟಡದ ಗೋಡೆಗಳು ಹಿಂದಕ್ಕೆ ವಾಲುತ್ತವೆ, ಟವರ್ ಬೆಂಕಿಪೊಟ್ಟಣದಷ್ಟಾಗುತ್ತದೆ, ಮುಕ್ಕಾಲು ಚಿತ್ರ ರಸ್ತೆ ಮತ್ತು ಆಕಾಶಕ್ಕೇ ಹೋಗುತ್ತದೆ. ಹಳೆಯದು, ಹೊಸದು ಎರಡರ ನಡುವಿನ ಸಂಬಂಧವನ್ನು ತೀರ್ಮಾನಿಸುವುದು ನಾವು ನಿಂತ ಜಾಗ. ಲೆನ್ಸ್ ಆಮೇಲಿನ ಮಾತು.

ಇದಕ್ಕೆ ಸರಳ ಲೆಕ್ಕವಿದೆ. ಫ್ರೇಮಿನಲ್ಲಿ ಕಟ್ಟಡ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅದರ ಎತ್ತರವನ್ನು ನಮ್ಮಿಂದ ಅದಕ್ಕಿರುವ ದೂರದಿಂದ ಭಾಗಿಸಿದಷ್ಟು. ಹಳೆ ಕಟ್ಟಡ 10 ಮೀಟರ್ ಎತ್ತರ, ಅದರ ಹಿಂದೆ 400 ಮೀಟರ್ ದೂರದಲ್ಲಿ 100 ಮೀಟರ್ ಎತ್ತರದ ಟವರ್ ಇದೆ ಎಂದಿಟ್ಟುಕೊಳ್ಳಿ. ಹಳೆಯದರಿಂದ 20 ಮೀಟರಿನಲ್ಲಿ ನಿಂತರೆ ಅದು ಟವರಿನ ಎರಡರಷ್ಟು ಕಾಣುತ್ತದೆ. 44 ಮೀಟರಿಗೆ ಬಂದಾಗ ಎರಡೂ ಸಮ. 60 ಮೀಟರಿನಲ್ಲಿ ಟವರ್ 1.3 ಪಟ್ಟು ದೊಡ್ಡದು, 120 ಮೀಟರಿನಲ್ಲಿ 2.3 ಪಟ್ಟು. ಸಮ ಆಗುವ ಜಾಗ ಬೇಕಾದರೆ ಎರಡು ಕಟ್ಟಡಗಳ ನಡುವಿನ ದೂರವನ್ನು ಹಳೆಯದರ ಎತ್ತರದಿಂದ ಗುಣಿಸಿ, ಎತ್ತರಗಳ ವ್ಯತ್ಯಾಸದಿಂದ ಭಾಗಿಸಿ. ಟವರ್ ನೇರ ಹಿಂದೆಯೇ ಇದ್ದರೆ ಈ ಜಾಗಕ್ಕಿಂತ ಮುಂದೆ ಹೋದಾಗ ಅದು ಪೂರ್ತಿ ಮರೆಯಾಗುತ್ತದೆ, ಹಿಂದೆ ಸರಿದಾಗ ಮಾಳಿಗೆಯ ಮೇಲಿಂದ ಇಣುಕತೊಡಗುತ್ತದೆ. ಮನೆಯಲ್ಲೇ ಉಪಗ್ರಹ ನಕ್ಷೆಯ ಅಳತೆಪಟ್ಟಿ ಇಟ್ಟು ಈ ದೂರಗಳನ್ನು ನೋಡಿಕೊಂಡರೆ ಬಿಸಿಲಲ್ಲಿ ಒಂದು ಗಂಟೆ ಅಲೆಯುವುದು ತಪ್ಪುತ್ತದೆ.

ಹಳೆಯದನ್ನು ಬಡಪಾಯಿ ಮಾಡಿ ತೋರಿಸುವುದು ಸುಲಭ, ದೂರ ಹೋಗಿ, ದೂರದ್ದನ್ನು ಹತ್ತಿರ ತರುವ 200 ಎಂಎಂ ಲೆನ್ಸ್ ಹಾಕಿದರೆ ಸಾಕು. ಆ ಚಿತ್ರ ಬೇಗ ಹಳಸುತ್ತದೆ. ಟವರ್ ಹಳೆಯದರ 1.2ರಿಂದ 1.5 ಪಟ್ಟು ಕಾಣುವ ಜಾಗದಲ್ಲಿ ನಿಂತರೆ ಕಲ್ಲಿನ ಕೆತ್ತನೆಯೂ ಓದಲು ಬರುತ್ತದೆ, ಟವರಿನ ಎತ್ತರವೂ ಉಳಿಯುತ್ತದೆ. ಹಳೆ ಕಟ್ಟಡಕ್ಕೆ ಸಲ್ಲಬೇಕಾದ ಮರ್ಯಾದೆ ಸಿಗುವುದು ಅಲ್ಲಿ.

ಜಾಗ ಸಿಕ್ಕ ಮೇಲೆ ಲೆನ್ಸ್. ಕ್ಯಾಮೆರಾ ಮೇಲಕ್ಕೆ ಬಾಗಿದರೆ ಗೋಡೆಗಳು ಒಂದಕ್ಕೊಂದು ವಾಲುತ್ತವೆ, ಆದ್ದರಿಂದ ಟ್ರೈಪಾಡ್ ಮೇಲೆ ರಸಮಟ್ಟ ನೋಡಿ ಸೆನ್ಸರ್ ನೆಟ್ಟಗಿರುವಂತೆ ಇಡಬೇಕು. ಫುಲ್ ಫ್ರೇಮ್ (36×24 ಎಂಎಂ ಸೆನ್ಸರಿನ) ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ 24 ಎಂಎಂ ಹಾಕಿದಾಗ ಕಣ್ಣಿನ ಮಟ್ಟದಿಂದ ಮೇಲಕ್ಕೆ ಸಿಗುವುದು ದೂರದ ಮುಕ್ಕಾಲು ಪಾಲು: 40 ಮೀಟರಿನಿಂದ 30 ಮೀಟರ್ ಎತ್ತರ. ಕ್ಯಾಮೆರಾ ಬಾಗಿಸದೆ ಲೆನ್ಸನ್ನಷ್ಟೇ ಸರಿಸಬಹುದಾದ ಶಿಫ್ಟ್ ಲೆನ್ಸಿನಲ್ಲಿ 12 ಎಂಎಂ ಮೇಲೆತ್ತಿದರೆ ಅದು ಒಂದೂಕಾಲು ಪಾಲಾಗುತ್ತದೆ. ಮೇಲಿನ ಲೆಕ್ಕದ 60 ಮೀಟರ್ ಜಾಗದಿಂದಾದರೆ ಶಿಫ್ಟ್ ಲೆನ್ಸೇ ಬೇಡ, ಉದ್ದ ಫ್ರೇಮಿನಲ್ಲಿ 70 ಎಂಎಂ, ಅಡ್ಡ ಫ್ರೇಮಿನಲ್ಲಿ 50 ಎಂಎಂ ಸಾಕು. ಕೆಳಗಿನ ಅರ್ಧದಲ್ಲಿ ಬರೀ ರಸ್ತೆ ಬಂದರೆ ಬರಲಿ, ಆಮೇಲೆ ಕತ್ತರಿಸಿ. ಬಾಗಿಸಿ ತೆಗೆದು ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿದರೆ ಚಿತ್ರದ ಮೇಲ್ಭಾಗ ಹಿಗ್ಗುತ್ತದೆ, ಗುಮ್ಮಟವಿದ್ದರೆ ಮೊಟ್ಟೆಯಾಕಾರಕ್ಕೆ ಹೋಗುತ್ತದೆ.

ಬೆಂಗಳೂರಿನಲ್ಲಿ ಈ ಲೆಕ್ಕ ಕೈಕೊಡುವ ಜಾಗವೂ ಇದೆ. ಲಾಲ್‌ಬಾಗಿನ ಬಂಡೆಯ ಮೇಲಿನ ಕೆಂಪೇಗೌಡ ಗೋಪುರದ ಹಿಂದೆ ನಗರದ ಎತ್ತರದ ಕಟ್ಟಡಗಳು ಸಾಲಾಗಿ ಕಾಣುತ್ತವೆ. ಅವನ್ನು ದೊಡ್ಡದು ಮಾಡಲು ಹಿಂದೆ ಸರಿದರೆ ಬಂಡೆ ಇಳಿಜಾರು, ನಾವೂ ಇಳಿಯುತ್ತೇವೆ. ನಾಲ್ಕು ಹೆಜ್ಜೆಗೆ ದೂರದ ಕಟ್ಟಡಗಳು ಬಂಡೆಯ ಅಂಚಿನ ಕೆಳಗೆ ಮುಳುಗಿ ಗೋಪುರದ ಹಿಂದೆ ಖಾಲಿ ಆಕಾಶ ಉಳಿಯುತ್ತದೆ. ಅಲ್ಲಿ ಹಿಂದೆ ಹೋಗುವ ಬದಲು ಅದೇ ಮಟ್ಟದಲ್ಲಿ ಅಡ್ಡಕ್ಕೆ ನಡೆದು, ಗೋಪುರವನ್ನು ಫ್ರೇಮಿನ ಒಂದು ಬದಿಗೆ ಇಟ್ಟು, ನಗರವನ್ನು ಇನ್ನೊಂದು ಬದಿಗೆ ಬಿಡಬೇಕು. ಬೆಳಗಿನ ಬಾಗಿಲು ತೆರೆದ ಕೂಡಲೇ ಹೋಗಿ. ಬಂಡೆ ಕಾದ ಮೇಲೆ ಏಳುವ ಬಿಸಿಗಾಳಿಗೆ ದೂರದ ಕಟ್ಟಡಗಳ ಗೆರೆಗಳು ಕುಣಿಯುತ್ತವೆ, ಎಷ್ಟು ಒಳ್ಳೆಯ ಲೆನ್ಸಾದರೂ ಅದನ್ನು ಸರಿಮಾಡದು. ಮಳೆ ಹೊಯ್ದ ಮಾರನೇ ದಿನ ಧೂಳು ಕೂತಿರುತ್ತದೆ, ಅಂಥ ಬೆಳಗನ್ನು ಬಿಡಬೇಡಿ.

ಬೆಳಕಿನ ವಿಷಯದಲ್ಲಿ ಎರಡು ಕಟ್ಟಡ ಒಟ್ಟಿಗೆ ಒಪ್ಪುವುದು ಅಪರೂಪ. ಅಂಬೇಡ್ಕರ್ ವೀಧಿಯನ್ನೇ ನೋಡಿ. ವಿಧಾನಸೌಧದ ಮುಖ ಪೂರ್ವಕ್ಕೆ, ಎದುರಿನ ಕೆಂಪು ಅಠಾರ ಕಚೇರಿಯದು (ಹೈಕೋರ್ಟ್ ಕಟ್ಟಡ) ಪಶ್ಚಿಮಕ್ಕೆ. ಬೆಳಗ್ಗೆ ಒಂದಕ್ಕೆ ಬಿಸಿಲು, ಸಂಜೆ ಇನ್ನೊಂದಕ್ಕೆ. ಎರಡೂ ಬೇಕೆಂದರೆ ತೆಳು ಮೋಡದ ದಿನ, ಇಲ್ಲವೇ ಸೂರ್ಯ ಮುಳುಗಿದ ಮೇಲಿನ ಹೊತ್ತು. (ಈ ಜೋಡಿಯಲ್ಲಿ ಕಚೇರಿ 1868ರದು, ವಿಧಾನಸೌಧ 1956ರದು. ಆದರೂ ಕಂಬ, ಗೋಪುರ, ಗುಮ್ಮಟಗಳ ವಿಧಾನಸೌಧವೇ ಹಳೆಯದೆಂದು ನೋಡುಗರು ಎಣಿಸುತ್ತಾರೆ. ಶೀರ್ಷಿಕೆಯಲ್ಲಿ ಇಸವಿ ಹಾಕುವುದು ಒಳ್ಳೆಯದು.)

ಗಾಜಿನ ಗೋಡೆ ಆಕಾಶವನ್ನೇ ಪ್ರತಿಫಲಿಸುವುದರಿಂದ ನೆರಳಿನಲ್ಲಿರುವ ಕಲ್ಲಿಗಿಂತ ಎರಡು ಮೂರು ಸ್ಟಾಪ್ ಹೆಚ್ಚು ಬೆಳ್ಳಗಿರುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 8, ಐಎಸ್ಒ 100, ಕ್ಯಾಮೆರಾ ಸಂಸ್ಕರಿಸದ ರಾ ಫೈಲ್, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಎಕ್ಸ್‌ಪೋಷರ್, ಆಮೇಲೆ ಮೂರನ್ನೂ ಕೂಡಿಸಿ. ಟ್ರೈಪಾಡ್ ಮೇಲೆ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ, 2 ಸೆಕೆಂಡ್ ಟೈಮರ್ ಇಡಿ. ಪೋಲರೈಸರ್ (ಲೆನ್ಸಿನ ಮುಂದೆ ತಿರುಗಿಸಿ ಪ್ರತಿಫಲನ ತಗ್ಗಿಸುವ ಫಿಲ್ಟರ್) ಗಾಜಿನ ಹೊಳಪನ್ನು ಚೆನ್ನಾಗಿ ತೆಗೆಯುವುದು ಗಾಜಿನ ಮೈಗೆ ಸುಮಾರು 35 ಡಿಗ್ರಿ ಓರೆಯಿಂದ ನೋಡಿದಾಗ. ನೇರ ಎದುರು ನಿಂತರೆ ತಿರುಗಿಸಿದ್ದೇ ಬಂತು, ಕೆಲಸ ಮಾಡದು. ವೈಡ್ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಮೂಲೆ ಕಡುನೀಲಿ, ಇನ್ನೊಂದು ಪೇಲವ.

ಹಳೆ ಕಟ್ಟಡದ ಪ್ರತಿಬಿಂಬವನ್ನೇ ಗಾಜಿನಲ್ಲಿ ಹಿಡಿಯುವುದಾದರೆ ಫೋಕಸ್ ಬಿಂಬದ ಮೇಲಿರಬೇಕು, ಗಾಜಿನ ಮೇಲಲ್ಲ. ಬಿಂಬದ ದೂರವೆಂದರೆ ನಮ್ಮಿಂದ ಗಾಜಿಗೆ, ಗಾಜಿನಿಂದ ಕಟ್ಟಡಕ್ಕೆ ಎರಡೂ ಕೂಡಿದಷ್ಟು. ಚೌಕಟ್ಟಿನ ಗೆರೆಗಳೂ ಚೂಪಾಗಿ ಬೇಕಿದ್ದರೆ ಎಫ್ 11. ಹದಗೊಳಿಸಿದ ಗಾಜಿನ ಮೈ ಪೂರ್ತಿ ಸಪಾಟಲ್ಲ, ಕಂಬಗಳು ನೀರಿನಲ್ಲಿ ಕಂಡಂತೆ ಬಳುಕುತ್ತವೆ. ಅರ್ಧ ಹೆಜ್ಜೆ ಸರಿದರೆ ಬಳುಕು ಬೇರೆ ಚೌಕಕ್ಕೆ ಹೋಗುತ್ತದೆ, ಆದ್ದರಿಂದ ಹತ್ತಾರು ಜಾಗದಿಂದ ನೋಡಿಯೇ ಟ್ರೈಪಾಡ್ ಊರಿ.

ಮುಸ್ಸಂಜೆಯ ನೀಲಿ ಬೆಳಕು ನಮ್ಮ ಕಡೆ ಬಹಳ ಬೇಗ ಮುಗಿಯುತ್ತದೆ. ಸೂರ್ಯ ಮುಳುಗಿದ 12ನೇ ನಿಮಿಷದಿಂದ ಸುಮಾರು 22ನೇ ನಿಮಿಷದವರೆಗೆ, ಅಷ್ಟೇ. ಫ್ರೇಮ್ ಮೊದಲೇ ಕಟ್ಟಿಟ್ಟು ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಆಫೀಸಿನ ದೀಪಗಳು ಬೇಕಿದ್ದರೆ ಭಾನುವಾರ ಹೋಗಬೇಡಿ, ಅರ್ಧ ಟವರ್ ಕತ್ತಲಿರುತ್ತದೆ.

ವಾಹನಗಳ ಕಾಟಕ್ಕೆ ಎರಡು ದಾರಿ. ಹಗಲಿನಲ್ಲಿ 6 ಸ್ಟಾಪ್ ಬೆಳಕು ತಗ್ಗಿಸುವ ಕಪ್ಪು ಗಾಜಿನ ಎನ್‌ಡಿ ಫಿಲ್ಟರ್ ಹಾಕಿದರೆ 1/60 ಸೆಕೆಂಡ್ ಇದ್ದದ್ದು ಸುಮಾರು 1 ಸೆಕೆಂಡ್ ಆಗಿ ಬಸ್ಸುಗಳು ಗೆರೆಯಾಗುತ್ತವೆ. ರಸ್ತೆ ಖಾಲಿಯೇ ಬೇಕಿದ್ದರೆ 8 ಸೆಕೆಂಡಿಗೊಂದರಂತೆ 15 ಚಿತ್ರ ತೆಗೆದು ಸಾಫ್ಟ್‌ವೇರಿನಲ್ಲಿ ಮೀಡಿಯನ್ ಸ್ಟ್ಯಾಕ್ ಮಾಡಿ (ಪ್ರತಿ ಬಿಂದುವಿಗೂ ಎಲ್ಲ ಚಿತ್ರಗಳ ನಡುವಿನ ಬೆಲೆಯನ್ನು ಉಳಿಸಿಕೊಳ್ಳುವುದು), ಚಲಿಸುವುದೆಲ್ಲ ಅಳಿಸಿಹೋಗುತ್ತದೆ. ನಿಲ್ಲಿಸಿದ ಆಟೋ ಮಾತ್ರ ಅಲ್ಲೇ ಇರುತ್ತದೆ, ಚಾಲಕರನ್ನು ಕೇಳಿಕೊಳ್ಳುವುದೇ ದಾರಿ.

ಕೋಟೆ, ಟಿಪ್ಪು ಅರಮನೆಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಡ್ರೋನ್ ಆದರೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಾರಾಟದ ವಲಯ ನೋಡದೆ ಚೀಲದಿಂದ ತೆಗೆಯಲೇಬೇಡಿ.

ಕೊನೆಗೆ ಬಣ್ಣ. ಎದುರಿನ ಗಾಜಿಗೆ ಬಿಸಿಲು ಬಡಿದು ಹಳೆ ಗೋಡೆಯ ಮೇಲೆ ಚೌಕ ಚೌಕವಾಗಿ ಬೆಳಕು ಬೀಳುತ್ತದೆ, ಅದು ನೀಲಿಯೋ ಹಸಿರೋ ಆಗಿರುತ್ತದೆ. ಇಡೀ ಚಿತ್ರದ ವೈಟ್ ಬ್ಯಾಲೆನ್ಸ್ ತಿರುಗಿಸಿ ಅದನ್ನು ಅಳಿಸಲು ಹೋದರೆ ಸುಣ್ಣದ ಗೋಡೆ ಹಳದಿಯೋ ಗುಲಾಬಿಯೋ ಆಗುತ್ತದೆ. ನೆರಳಿನ ಸುಣ್ಣವನ್ನು ಆಧಾರವಾಗಿಟ್ಟು ಬಣ್ಣ ಹೊಂದಿಸಿ, ಬೆಳಕಿನ ಚೌಕಗಳನ್ನು ಹಾಗೇ ಬಿಡಿ. ಹೊಸ ಕಟ್ಟಡ ಹಳೆಯದರ ಮೈಮುಟ್ಟುವುದು ಆ ಚೌಕಗಳಲ್ಲಿ ಮಾತ್ರ, ಅದೂ ಕೆಲವೇ ನಿಮಿಷ.