ಆಯಿಲ್ ಫಿಲ್ಟರ್ ಕಂಪನಿಯದ್ದೇ ಬೇಕಾ, ಲೋಕಲ್ ಸಾಕಾ?

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನಿಗೆ ಬೆಳಗಾದರೆ ಬರುವ ಪ್ರಶ್ನೆ ಇದು. ಕನ್ನಡದಲ್ಲಿ ಕೇಳುವವರಿದ್ದಾರೆ, ತುಳುವಿನಲ್ಲಿ, ಮಲಯಾಳದಲ್ಲಿ ಕೇಳುವವರಿದ್ದಾರೆ. "ಅಣ್ಣಾ, ಕಂಪನಿ ಫಿಲ್ಟರೇ ಹಾಕಬೇಕಾ? ಪುತ್ತೂರಿನಲ್ಲಿ ಅರ್ಧ ರೇಟಿಗೆ ಸಿಗ್ತದಂತೆ."

ಪುತ್ತೂರಿನಿಂದಲೇ ತನ್ನಿ, ನನಗೇನೂ ಬೇಸರವಿಲ್ಲ. ಡಬ್ಬದ ಮೇಲೆ ಯಾರ ಹೆಸರಿದೆ ಅಂತ ಆಮೇಲೆ ನೋಡುವಾ. ಮೊದಲು ನಿಮ್ಮ ಗಾಡಿಯ ಮಾಡೆಲ್, ವರ್ಷ, ಪೆಟ್ರೋಲಾ ಡೀಸೆಲಾ ಹೇಳಿ ಪಾರ್ಟ್ ನಂಬರ್ ಹಿಡಿಯಿರಿ. ನಂಬರ್ ತಪ್ಪಿದರೆ ಎಷ್ಟು ದುಬಾರಿಯ ಫಿಲ್ಟರ್ ತಂದರೂ ಪ್ರಯೋಜನ ಇಲ್ಲ.

ಕಾರಿನ ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಫಿಲ್ಟರ್ ಮಾಡುವವರಿಂದ ಕೊಂಡು ತಮ್ಮ ಡಬ್ಬದಲ್ಲಿ ಹಾಕಿ ಕೊಡುತ್ತಾರೆ. ಹಾಗಾಗಿ ಬಾಷ್, ಮಾಲೆ, ಪ್ಯೂರೊಲೇಟರ್, ಎಲೋಫಿಕ್ ಥರದವರ ಫಿಲ್ಟರ್ ಸರಿಯಾದ ನಂಬರಿನದ್ದಾದರೆ ಧೈರ್ಯವಾಗಿ ಹಾಕಬಹುದು. ವಾರಂಟಿ ಇರುವಷ್ಟು ದಿನ ಮಾತ್ರ ಕಂಪನಿಯದ್ದೇ ಹಾಕಿ, ಬಿಲ್ ಇಟ್ಟುಕೊಳ್ಳಿ. ಮುಂದೆ ತಕರಾರು ಬೇಡ ಅಲ್ವಾ.

ನನಗೆ ಹೆದರಿಕೆ ಇರುವುದು ಡೂಪ್ಲಿಕೇಟ್ ಮಾಲಿನದ್ದು. ಪಕ್ಕದ ವರ್ಕ್‌ಶಾಪಿನಲ್ಲಿ ಹೊಸ ಫಿಲ್ಟರ್ ಎರಡನ್ನು, ಒಂದು ಒಳ್ಳೆಯದು, ಒಂದು ಡೂಪ್ಲಿಕೇಟ್, ತಗಡು ಕತ್ತರಿಸಿ ಬಿಡಿಸಿ ನೋಡಿದ್ದೆವು. ಹೊರಗಿನಿಂದ ಎರಡೂ ಒಂದೇ. ಒಳಗೆ, ಒಳ್ಳೆಯದರಲ್ಲಿ ಆಯಿಲ್ ಸೋಸುವ ಕಾಗದದ ಮಡಿಕೆಗಳು ಒತ್ತೊತ್ತಾಗಿ, ಒಂದೇ ಸಮವಾಗಿ ಇದ್ದವು. ಡೂಪ್ಲಿಕೇಟಿನಲ್ಲಿ ಮಡಿಕೆಗಳು ಕಮ್ಮಿ, ಅದೂ ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ. ಕಾಗದದ ಎರಡು ತುದಿ ಸೇರುವಲ್ಲಿ ಅಂಟು ಬಿಟ್ಟು ಉಗುರು ತೂರುವಷ್ಟು ಸಂದು. ಆಯಿಲ್ ಕಾಗದದ ಮೂಲಕ ಹೋಗುವ ಕಷ್ಟ ಯಾಕೆ ತೆಗೆದುಕೊಳ್ಳುತ್ತದೆ? ಆ ಸಂದಿನಲ್ಲೇ ನುಗ್ಗುತ್ತದೆ. ಒಳಗಿನ ರಬ್ಬರ್ ವಾಲ್ವ್ ಅಂತೂ ಒಣಗಿದ ಅಡಿಕೆ ಹಾಳೆಯ ಹಾಗೆ ಗಡುಸು.

ಈ ರಬ್ಬರಿನ ಕೆಲಸ ಸಣ್ಣದಲ್ಲ. ಎಂಜಿನ್ ಆಫ್ ಮಾಡಿದ ಮೇಲೆ ಫಿಲ್ಟರಿನಲ್ಲಿರುವ ಆಯಿಲ್ ಕೆಳಗೆ, ಎಂಜಿನ್ ಅಡಿಯ ಆಯಿಲ್ ಚೇಂಬರಿಗೆ ಇಳಿಯದ ಹಾಗೆ ತಡೆಯುವುದು ಅದೇ. ಫಿಲ್ಟರ್ ಅಡ್ಡ ಅಥವಾ ತಲೆಕೆಳಗಾಗಿ ಕೂರುವ ಎಂಜಿನ್‌ಗಳಲ್ಲಿ ಇದು ಇನ್ನೂ ಮುಖ್ಯ. ರಬ್ಬರ್ ಹಿಡಿಯದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲೆ ತಲುಪಲು ತಡ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ನಿಧಾನಕ್ಕೆ ಆರುತ್ತದೆ, ಎಂಜಿನ್ ವಾಲ್ವನ್ನು ಒತ್ತುವ ಟಪ್ಪೆಟ್ ಟಕಟಕ ಅನ್ನುತ್ತದೆ. ದಿನಾ ಹೀಗಾದರೆ ಎಂಜಿನ್ ಸವೆಯದೆ ಇರುತ್ತದಾ?

ಇನ್ನೊಂದು ಬೈಪಾಸ್ ವಾಲ್ವ್. ಕಾಗದ ಕಟ್ಟಿಕೊಂಡಾಗ ಅಥವಾ ಆಯಿಲ್ ತಣ್ಣಗೆ ದಪ್ಪ ಇದ್ದಾಗ ಇದು ತೆರೆದು ಆಯಿಲನ್ನು ಸೋಸದೆಯೇ ಬಿಡುತ್ತದೆ. ಆಯಿಲೇ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ವಾಸಿ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರಿನೊಳಗೇ ಇರುತ್ತದೆ, ಕೆಲವಲ್ಲಿ ಎಂಜಿನ್ ಬ್ಲಾಕಿನಲ್ಲಿ. ತಿರುಪಿನ ಥ್ರೆಡ್ ಕೂತರೂ ನಿಮ್ಮ ಎಂಜಿನಿಗೆ ಬೇಕಾದ ವಾಲ್ವ್ ಆ ಫಿಲ್ಟರಿನಲ್ಲಿ ಇಲ್ಲದಿರಬಹುದು. ಅದಕ್ಕೇ "ಥ್ರೆಡ್ ಸರಿಯಾಗಿ ಕೂತಿದೆ, ಇದೇ ಸಾಕು" ಅನ್ನುವವರ ಮಾತು ಕೇಳಬೇಡಿ.

ಹೈವೇ ಕೆಲಸ ಶುರುವಾದಾಗಿನಿಂದ ಕುಂಬಳೆ ಕಡೆಯವರು, ಕೆಂಪುಕಲ್ಲಿನ ಕೋರೆಗೆ ಹೋಗುವ ಪಿಕಪ್ಪಿನವರು ಧೂಳಿಗೆ ದೊಡ್ಡ ಆಯಿಲ್ ಫಿಲ್ಟರ್ ಇದೆಯಾ ಅಂತ ಕೇಳುತ್ತಾರೆ. ಧೂಳು ಒಳಗೆ ಬರುವುದು ಗಾಳಿಯ ದಾರಿಯಲ್ಲಿ. ಮೊದಲು ಏರ್ ಫಿಲ್ಟರ್ ನೋಡಿ.

ಒಂದು ಸಲ ಬಿಟ್ಟು ಒಂದು ಸಲ ಫಿಲ್ಟರ್ ಬದಲಿಸುವ ಉಳಿತಾಯ ಬೇಡ. ಹಳೇ ಫಿಲ್ಟರಿನಲ್ಲಿ ಒಂದು ಲೋಟದಷ್ಟು ಕರಿ ಆಯಿಲ್ ಉಳಿದಿರುತ್ತದೆ, ಹಾಕಿದ ಹೊಸ ಆಯಿಲಿಗೆ ಅದೇ ಸೇರುತ್ತದೆ. ಮಾರುತಿಯ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಆದರೆ ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ನಾಲ್ಕು ಕಿಲೋಮೀಟರ್ ಓಡಿಸುವವರ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಆಯಿಲಿಗೆ ನೀರು, ಪೆಟ್ರೋಲ್ ಸೇರುತ್ತದೆ. ಅಂಥವರು ಮೀಟರ್ ನೋಡುತ್ತಾ ಕೂರಬೇಡಿ, ಆರು ತಿಂಗಳಿಗೇ ಬದಲಿಸಿ.

ಆಕ್ಟಿವಾ, ಸ್ಪ್ಲೆಂಡರ್‌ನವರು ಸುಮ್ನೆ ಅಂಗಡಿಗೆ ಬರಬೇಡಿ. ಅವಕ್ಕೆ ಕಾಗದದ ಫಿಲ್ಟರ್ ಇಲ್ಲ, ಒಳಗಿರುವುದು ತೊಳೆದು ಹಾಕುವ ಜಾಲರಿ. ಬುಲೆಟ್, ಪಲ್ಸರ್‌ಗೆ ಕಾಗದದ ಎಲಿಮೆಂಟ್ ಉಂಟು. ಅದರ ಜೊತೆಗೆ ಬರುವ ಓ-ರಿಂಗನ್ನು (ಸೋರದಂತೆ ತಡೆಯುವ ರಬ್ಬರ್ ಬಳೆ) ಬಿಸಾಡದೆ, ಹಳೆಯದರ ಬದಲು ಆ ಹೊಸದನ್ನೇ ಹಾಕಿಸಿ.

ಕಾರಿಗೆ ಹಾಕುವಾಗ ಎದುರು ನಿಂತು ಎರಡು ವಿಷಯ ನೋಡಿ. ಹಳೇ ಫಿಲ್ಟರಿನ ರಬ್ಬರ್ ಸೀಲ್ ಎಂಜಿನಿಗೇ ಅಂಟಿಕೊಂಡು ಉಳಿದಿರಬಾರದು, ಅದರ ಮೇಲೆ ಹೊಸದು ಕೂತರೆ ದಾರಿಯುದ್ದಕ್ಕೂ ಆಯಿಲ್ ಸುರಿಯುತ್ತದೆ. ಹೊಸ ಸೀಲಿಗೆ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ಸೀಲ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಪಾನಾ ಹಾಕಿ ಬಿಗಿಯುವ ಪೈಲ್ವಾನರನ್ನು ಅಲ್ಲೇ ತಡೆಯಿರಿ.

ತೆಗೆದ ಫಿಲ್ಟರನ್ನು ತೋಟದ ಬದಿಗೆ ಎಸೆಯಬೇಡಿ. ನಮ್ಮ ಕೆಂಪುಕಲ್ಲಿನಲ್ಲಿ ಸುರಿದದ್ದೆಲ್ಲ ಕೆಳಗಿಳಿದು ಬಾವಿಗೋ ಗುಡ್ಡ ಕೊರೆದು ಮಾಡಿದ ನೀರಿನ ಸುರಂಗಕ್ಕೋ ಸೇರುತ್ತದೆ. ಒಂದು ರಾತ್ರಿ ಡಬ್ಬದ ಮೇಲೆ ಕವುಚಿಟ್ಟು ಆಯಿಲ್ ಇಳಿಸಿ, ಆ ಆಯಿಲನ್ನು ವರ್ಕ್‌ಶಾಪಿನ ಡ್ರಮ್ಮಿಗೂ ತಗಡನ್ನು ಗುಜರಿಗೂ ಕೊಟ್ಟುಬಿಡಿ.